ನಮ್ಮನೆಯವರೇ ಕಲಿಸಿದ್ದು

ನನಗೆ ಕಾರು ಓಡಿಸಲು ಕಲಿಸಿದ್ದು ನನ್ನ ಗಂಡನಲ್ಲ. ತಿಪಟೂರಿನ ನಮ್ಮ ಬೀದಿಯವರೆಲ್ಲ ಇಷ್ಟು ವರ್ಷ ನಂಬಿಕೊಂಡು ಬಂದದ್ದು ಸುಳ್ಳು, ಅದನ್ನು ಬೆಳೆಯಲು ಬಿಟ್ಟವಳು ನಾನು. ಕಲಿಸಿದವರು ತುರುವೇಕೆರೆಯ ಸಾವಿತ್ರಕ್ಕ. ಅವರ ಎದುರಿಗೇ ಕೂತು, ಅವರನ್ನು ಕಂಡೇ ಇಲ್ಲದವಳ ಹಾಗೆ ನಾನು — ಇರಲಿ, ಮೊದಲಿನಿಂದಲೇ ಹೇಳುತ್ತೇನೆ.

ನಮ್ಮನೆಯವರು, ರುದ್ರೇಶ್, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಒಳ್ಳೆಯ ಮನುಷ್ಯ. ನಾನು ಡ್ರೈವಿಂಗ್ ಸ್ಕೂಲಿಗೆ ಸೇರುತ್ತೇನೆ ಎಂದಾಗ ಅವರಿಗೆ ಅವಮಾನವಾಯಿತು. "ಮನೇಲಿ ಮೇಷ್ಟ್ರನ್ನ ಇಟ್ಕೊಂಡು ಊರೆಲ್ಲ ಮೇಷ್ಟ್ರನ್ನ ಹುಡುಕ್ತೀಯಲ್ಲೇ!" ಎಂದರು. ಭಾನುವಾರ ಬೆಳಿಗ್ಗೆ ಪಾಠ ಶುರುವಾಯಿತು. ಊರಾಚೆಯ ಖಾಲಿ ಬಯಲಲ್ಲಿ ಶಾಂತವಾಗಿಯೇ ಇದ್ದರು. ಆದರೆ ಪೇಟೆಗೆ ಬಂದೆವೋ — ಕೊಬ್ಬರಿ ಚೀಲ ಹೇರಿಕೊಂಡ ಲಾರಿ, ಸಂದಿ ಸಿಕ್ಕಲ್ಲಿ ತೂರುವ ಆಟೋ, ಹೇಳದೆ ಕೇಳದೆ ಸ್ಟ್ಯಾಂಡಿನಿಂದ ಹೊರಬೀಳುವ ಬಸ್ಸು — ಮೈಮೇಲೆ ದೇವರು ಬಂದವರಂತಾಗುತ್ತಿದ್ದರು.

"ಬ್ರೇಕು! ಬ್ರೇಕ್ ಒತ್ತೇ! ಅದಲ್ಲ ಕಣೇ, ಪಕ್ಕದ್ದು!"

ಅವರ ಕಾಲ ಕೆಳಗೆ ಬ್ರೇಕ್ ಇರಲಿಲ್ಲ. ಆದರೂ ಒತ್ತುತ್ತಿದ್ದರು. ಒತ್ತಿ ಒತ್ತಿ ಆ ಕಡೆಯ ಮ್ಯಾಟು ತೂತಾಯಿತು. ಒಂದು ಭಾನುವಾರ ಸರ್ಕಲ್ಲಿನ ನಟ್ಟನಡುವೆ ಕಾರು ಆಫಾಯಿತು. ಹಿಂದೆ ಹಾರನ್ನುಗಳ ಸಂತೆ, ಪಕ್ಕದಲ್ಲಿ ಇವರು. ನಾನು ಬಾಗಿಲು ತೆಗೆದು ಇಳಿದು, ಹಿಂತಿರುಗಿ ನೋಡದೆ ಮನೆಗೆ ನಡೆದುಬಿಟ್ಟೆ.

ಆಮೇಲೆ ಮನೆಗೆ ಬಂದ ಇವರ ಮುಖದಲ್ಲಿ ಸಿಟ್ಟಿರಲಿಲ್ಲ. "ನಿಂಗೆ ಬರ್ಲಿಲ್ಲ ಅಂದ್ರೆ ನಂಗೆ ಕಲ್ಸಕ್ಕೆ ಬರಲ್ಲ ಅಂತ ಅಲ್ವಾ?" ಎಂದರು, ಆಟದಲ್ಲಿ ಸೋತ ಮಗುವಿನ ಹಾಗೆ. ನನ್ನ ಕರುಳು ಕರಗಿತು. ಅವರನ್ನು ಮೇಷ್ಟ್ರ ಪಟ್ಟದಿಂದ ಇಳಿಸುವಂತಿಲ್ಲ. ಅವರ ಹತ್ತಿರ ಕಲಿಯುವಂತೆಯೂ ಇಲ್ಲ.

ನನ್ನ ತವರು ತುರುವೇಕೆರೆ. ಅಮ್ಮನಿಗೆ ಮಂಡಿನೋವು, ಆಗಾಗ ಹೋಗಿ ನೋಡಿಕೊಂಡು ಬರಬೇಕು ಎಂದೆ. ಅಮ್ಮನ ಮಂಡಿ ನನ್ನದಕ್ಕಿಂತ ಗಟ್ಟಿ. ಅಲ್ಲಿ ಕಾರು ಕಲಿಸುವವರು ಇಬ್ಬರಿದ್ದರು. ಮೊದಲು ಒಬ್ಬರ ಹತ್ತಿರ ಕೂತೆ. ಅವರು ಪಾಠದ ಉದ್ದಕ್ಕೂ ಫೋನಿನಲ್ಲಿ ಸೈಟು ಮಾರುತ್ತಿದ್ದರು. ಇನ್ನೊಬ್ಬರೇ ಸಾವಿತ್ರಕ್ಕ — ಸೀರೆಯ ಮೇಲೆ ಗಂಡಸರ ಅಂಗಿ, ದಪ್ಪ ಕನ್ನಡಕ, ಕೆನ್ನೆಯಲ್ಲಿ ಎಲೆ‌ಅಡಿಕೆ. ಕಲಿಯುವವರಿಗೆ ಅವರು ಒಂದು ಮಾತೂ ಬೈಯುತ್ತಿರಲಿಲ್ಲ. ಬೈಗುಳವೆಲ್ಲ ಕಿಟಕಿಯಾಚೆಗೆ.

"ಲೇ, ರಸ್ತೆ ಏನು ನಿಮ್ಮಪ್ಪನ ತೆಂಗಿನ ತೋಟವೇನ್ಲಾ? ಕಲಿಯೋರು ಬತ್ತಾವ್ರೆ, ಕಾಣಕಿಲ್ವಾ?" ಎಂದು ಬಸ್ಸಿನ ಡ್ರೈವರನ್ನು ನಡುಗಿಸಿ, ನನ್ನತ್ತ ತಿರುಗಿ, "ನೀ ಹೋಗವ್ವ, ನಿಧಾನಕ್ಕೆ ಹೋಗು. ಅವನೇನು ಹುಟ್ತಾನೇ ಕಲ್ತು ಬಂದೋನಲ್ಲ," ಎನ್ನುತ್ತಿದ್ದರು. ಜಗತ್ತೆಲ್ಲ ತಪ್ಪು, ನಾನೊಬ್ಬಳೇ ಸರಿ — ಹಾಗೆ ಅನ್ನಿಸುವಾಗ ಕ್ಲಚ್ಚು ತಾನಾಗಿ ಹೊಂದಿಕೊಳ್ಳುತ್ತದೆ.

ಭಾನುವಾರದ ಪಾಠವೂ ನಡೆದೇ ಇತ್ತು. ನನ್ನ ಕೈ ಪಳಗಿದ್ದು ಕಂಡು ಇವರು ಬೀಗಿದರು. "ನೋಡ್ದಾ, ನಾನು ಬೈದಿದ್ದು ಹೆಂಗೆ ಕೆಲ್ಸ ಮಾಡ್ತು!" ನಾನು ನಕ್ಕು ಸುಮ್ಮನಾದೆ. ಲೈಸೆನ್ಸ್ ಬಂದ ಮೇಲೆ ಯೂರಿಯಾ ಕೊಳ್ಳಲು ಬಂದವರಿಗೆಲ್ಲ ಅದೇ ಕತೆ. ಅಲ್ಲಿಯವರೆಗೆ ಯಾರಿಗೂ ನಷ್ಟವಿರಲಿಲ್ಲ ಎಂದುಕೊಂಡಿದ್ದೆ.

ಮುಂದೆ ಸಾವಿತ್ರಕ್ಕ ತಿಪಟೂರಿನಲ್ಲೇ ಒಂದು ರೂಮು ಹಿಡಿದು ಬೋರ್ಡು ಹಾಕಿದರು. ದೊಡ್ಡ ಊರು, ಹೆಂಗಸರು ಬರುತ್ತಾರೆ ಎಂಬ ಆಸೆ. "ನಾಕ್ ಜನಕ್ಕೆ ಹೇಳವ್ವ, ನಿನ್ನ ನೋಡಿ ಬತ್ತಾರೆ," ಎಂದು ಫೋನಿನಲ್ಲಿ ಕೇಳಿದರು. ಹೂಂ ಎಂದೆ. ಯಾರಿಗೂ ಹೇಳಲಿಲ್ಲ.

ಪಕ್ಕದ ಮನೆಯ ವಿನುತ ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಹೋಗಿ ನೋಡಿದರೆ ಸಾವಿತ್ರಕ್ಕ ಚಾಪೆಯ ಮೇಲೆ ಕೂತಿದ್ದಾರೆ. ಪರಿಚಯದವರು ಯಾರೋ ಕರೆತಂದಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಅಷ್ಟರಲ್ಲಿ ವಿನುತ, "ಶಾರದಕ್ಕ, ನಾನೂ ಕಾರು ಕಲೀಬೇಕು. ನೀವು ಯಾರ ಹತ್ರ ಕಲ್ತ್ರಿ?" ಎಂದಳು. ಹೆಂಗಸರೆಲ್ಲ ನನ್ನತ್ತ ತಿರುಗಿದರು. ಸಾವಿತ್ರಕ್ಕನೂ ತಿರುಗಿದರು — ಹೆಸರು ಕರೆಯುವುದನ್ನೇ ಕಾಯುವವರಂತೆ, ಸೆರಗು ಸರಿಮಾಡಿಕೊಂಡು.

"ನಮ್ಮನೆಯವರೇ ಕಲಿಸಿದ್ದು," ಎಂದೆ.

ಬಸ್ಸಿನವರನ್ನು ನಡುಗಿಸುವ ಆ ಬಾಯಿ ಅವತ್ತು ನನ್ನ ಮಾನ ತೆಗೆಯಬಹುದಿತ್ತು. ತೆಗೆಯಲಿಲ್ಲ. ಕೈಯಲ್ಲಿದ್ದ ಚಕ್ಕುಲಿ ಮುರಿದು, "ಒಳ್ಳೆ ಮೇಷ್ಟ್ರು ಬುಡವ್ವ," ಎಂದರು. ಅಷ್ಟೇ. ಕುಂಕುಮ ತೆಗೆದುಕೊಂಡು ಎದ್ದುಹೋದರು.

ಮಾರನೆಯ ವಾರದಿಂದ ಬೀದಿಯ ಹೆಂಗಸರೆಲ್ಲ ನಮ್ಮನೆಯವರ ಶಿಷ್ಯೆಯರು. ಹೇಗೂ ಪುಕ್ಕಟೆ ಪಾಠ. ಇವರು ಮ್ಯಾಟು ಹೊಸದು ಹಾಕಿಸಿದರು, ಅದೂ ತೂತಾಯಿತು. ಒಬ್ಬಳು ಎಳನೀರಿನ ರಾಶಿಗೆ ಕಾರು ನುಗ್ಗಿಸಿದಳು. ವಿನುತ ತನ್ನ ಮನೆಯ ಕಾಂಪೌಂಡಿಗೇ ಗುದ್ದಿ ಮಣಿಕಟ್ಟು ಮುರಿದುಕೊಂಡಳು. "ಗೋಡೆ ಅಡ್ಡ ಬಂತು" ಎಂದು ಇವರು ವಾದಿಸಿದರು. ನಾನು ನಗಲಾರದೆ ಅವಳ ಪ್ಲಾಸ್ಟರ್ ನೋಡುತ್ತಾ ಕೂತೆ. ಅಷ್ಟು ಹೊತ್ತಿಗೆ ಸಾವಿತ್ರಕ್ಕನ ಬೋರ್ಡು ಇಳಿದಿತ್ತು. ಶಿಷ್ಯೆಯರಿಲ್ಲದೆ ಅವರು ತುರುವೇಕೆರೆಗೆ ವಾಪಸಾಗಿದ್ದರು.

ಆಗಲೂ ನಾನು ಬಾಯಿಬಿಡಲಿಲ್ಲ. ವರ್ಷಗಳೇ ಕಳೆದವು. ಕಳೆದ ತಿಂಗಳು ಇವರು ನಮ್ಮ ಮಗಳಿಗೆ, "ಭಾನುವಾರ ರೆಡಿಯಾಗು, ನಾನೇ ಕಲ್ಸ್ತೀನಿ," ಎಂದಾಗ ಮಾತ್ರ ತಡೆಯಲಾಗಲಿಲ್ಲ. ಬೇರೆಯವರ ಮಣಿಕಟ್ಟು ಮುರಿದಾಗ ಬಾರದ ಧೈರ್ಯ ನನ್ನ ಮಗಳ ಮಣಿಕಟ್ಟಿನ ಸರದಿ ಬಂದಾಗ ಬಂತು — ಇದನ್ನೂ ಒಪ್ಪಿಕೊಳ್ಳಬೇಕು. ಎಲ್ಲ ಹೇಳಿಬಿಟ್ಟೆ. ಇವರು, "ಅಂದ್ರೆ, ನಾನು ಬೈದಿದ್ದು ಏನೂ ಕೆಲ್ಸ ಮಾಡ್ಲಿಲ್ವಾ?" ಎಂದರು.

"ಮಾಡ್ತು ಕಣ್ರೀ. ನಾನು ತುರುವೇಕೆರೆ ಬಸ್ಸು ಹತ್ತಿದ್ದೇ ಅದಕ್ಕೆ," ಎಂದೆ. ಆ ದಿನ ಇವರು ಊಟ ಮಾಡಲಿಲ್ಲ.

ಮಗಳನ್ನು ಕರೆದುಕೊಂಡು ಸಾವಿತ್ರಕ್ಕನ ಹತ್ತಿರ ಹೋದೆ. ಅದೇ ಅಂಗಿ, ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿದೆ. "ಅಕ್ಕ, ಅವತ್ತು ವಿನುತನ ಮನೇಲಿ ನಾನು ಸುಳ್ಳು ಹೇಳ್ಬಿಟ್ಟೆ," ಎಂದೆ. ಅಳು ಬಂತು.

"ಗೊತ್ತು ಕಣವ್ವ. ಅಲ್ಲೇ ಕೂತಿದ್ನಲ್ಲ," ಎಂದರು. ಮಗಳನ್ನು ಡ್ರೈವರ್ ಸೀಟಿಗೆ ಕೂರಿಸಿ, ಬೆಲ್ಟು ಎಳೆದು ಕೊಟ್ಟು, ಮತ್ತೆ ನನ್ನ ಕಡೆ ನೋಡಿದರು. "ನಿಜ ಏನು ಅನ್ನೋದು ನಂಗೆ ಮೊದ್ಲೇ ಗೊತ್ತಿತ್ತು. ಗೊತ್ತಿಲ್ದೋರಿಗೆ ಹೇಳ್ದ್ಯಾ?"

ಇಲ್ಲ ಎಂದು ತಲೆ ಆಡಿಸಿದೆ. ಅವರು ಸುತ್ತಿ ಬಂದು ಮಗಳ ಪಕ್ಕದ ಸೀಟಿಗೆ ಹತ್ತಿದರು.

ಈ ಶುಕ್ರವಾರ ಬೀದಿಯ ಹೆಂಗಸರನ್ನೆಲ್ಲ ನಮ್ಮ ಮನೆಗೆ ಕರೆದಿದ್ದೇನೆ. ಯಾತಕ್ಕೆ ಎಂದು ಹೇಳಿಲ್ಲ. ನಮ್ಮನೆಯವರಿಗೆ ಅವತ್ತೇ ಅರಸೀಕೆರೆಯಲ್ಲಿ ಏನೋ ತುರ್ತು ಕೆಲಸವಿದೆಯಂತೆ.

ಹೋಗಿ ಬರಲಿ. ನಾನು ಮನೆಯಲ್ಲೇ ಇರುತ್ತೇನೆ.