ಕಲ್ಯಾಣಿಯ ಉಸಿರು

ಕುಕ್ಕರ್ ಕೂಗಿ ನಿಂತ ಮೇಲೆ ಅಡುಗೆಮನೆಯ ಕಿಟಕಿಗಾಜು ಮಬ್ಬಾಗುತ್ತದಲ್ಲ, ಅದನ್ನು ನಾನು ತಕ್ಷಣ ಒರೆಸಿಬಿಡುತ್ತೇನೆ. ಇವಳಿಗೆ ಒರೆಸುವ ಹುಚ್ಚು ಎಂದು ಮನೆಯವರು ನಗುತ್ತಾರೆ. ನಾನೂ ನಗುತ್ತೇನೆ. ನಿಜವಾದ ಕಾರಣವನ್ನು ಅವರಿಗೆ ಹೇಳಿಲ್ಲ, ನಿಮಗೆ ಹೇಳಬಹುದು.

ಅರಸೀಕೆರೆಯಲ್ಲಿ ಓದುವಾಗ ನಾನು ಕಾನ್ವೆಂಟಿನ ಏಳನೇ ಕ್ಲಾಸಿಗೆ ಲೀಡರ್. ಸಾಕ್ಸ್ ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುವ ಪೈಕಿ. ಕ್ಲಾಸಿನಲ್ಲಿ ಕನ್ನಡ ಮಾತಾಡಿದವರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಂಜೆ ಹೆಡ್‌ಮಿಸ್ಟ್ರೆಸ್‌ಗೆ ಒಪ್ಪಿಸುವುದು ಲೀಡರಿನ ಕೆಲಸ.

ಆ ವರ್ಷ ವಿಜ್ಞಾನಕ್ಕೆ ಹೊಸದಾಗಿ ಬಂದವರು ಹುಲಿಕೆರೆಯ ಪದ್ಮ ಮಿಸ್. ಡಿಸೆಂಬರಿನ ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ‘ಕಂಡೆನ್ಸೇಷನ್’ ಎಂದು ಬರೆದರು. ನಾವು ಪುಸ್ತಕದ ಸಾಲನ್ನು ಒಂದೇ ಉಸಿರಿಗೆ ಒಪ್ಪಿಸಿದೆವು. ಅವರು ನಮ್ಮ ಮುಖಗಳನ್ನು ನೋಡಿ, ಸೀಮೆಸುಣ್ಣ ಕೆಳಗಿಟ್ಟು, ಕಿಟಕಿಗಳನ್ನೆಲ್ಲ ತೆರೆದರು.

“ಎಲ್ರೂ ಬಾಯಿ ತೆಗ್ದು ಹಾ ಅನ್ನಿ.”

ಅಂದೆವು. ಎಲ್ಲರ ಬಾಯಿಂದಲೂ ತೆಳ್ಳನೆಯ ಬಿಳಿ ಹಬೆ.

“ಹೊಗೆ ಅಲ್ಲ ಕಣ್ರೇ, ನಿಮ್ಮ ಉಸಿರಲ್ಲಿರೋ ನೀರು. ಚಳಿ ತಾಗಿ ಹನಿ ಆಯ್ತು, ಅದಕ್ಕೇ ಕಾಣ್ತೈತೆ. ನಮ್ಮೂರ ಕಲ್ಯಾಣಿನೂ ಚಳಿಗಾಲದ ಬೆಳಿಗ್ಗೆ ಹಿಂಗೇ ಉಸಿರು ಬಿಡ್ತೈತೆ.”

“ಅದಕ್ಕೂ ನೆಗಡಿನಾ ಮಿಸ್?” ಎಂದಳು ಹಿಂದಿನ ಬೆಂಚಿನ ಶಾಂತಿ.

“ಮೂಗು ಸೋರೋದು ನಿಂದು ಕಣೇ, ಅದರದ್ದಲ್ಲ!”

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಶಾಂತಿಯ ಹೆಸರು ಬರೆದೆ. ನಿಯಮ ಎಂದರೆ ಎಲ್ಲರಿಗೂ ಒಂದೇ ಎಂದುಕೊಂಡು, ಅದರ ಕೆಳಗೆ ಮಿಸ್ ಹೆಸರನ್ನೂ ಬರೆದೆ.

ಕ್ರಿಸ್‌ಮಸ್ ರಜೆ ಮುಗಿಸಿ ಬಂದಾಗ ಪದ್ಮ ಮಿಸ್ ಇರಲಿಲ್ಲ.

ಹೋದ ವಾರ ಮದುವೆಗೆಂದು ಹಳೇಬೀಡಿಗೆ ಹೋದವಳು, ವಿಚಾರಿಸಿಕೊಂಡು ಹುಲಿಕೆರೆಗೂ ಹೋದೆ. ಮಟಮಟ ಮಧ್ಯಾಹ್ನ. ಕಲ್ಯಾಣಿಯ ನೀರು ಹಸಿರಾಗಿ ಅಲುಗಾಡದೆ ನಿಂತಿತ್ತು. ಮಿಸ್ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೂದಲು ಪೂರ್ತಿ ಬಿಳಿ. ನನ್ನ ಹೆಸರು ಹೇಳಿದೆ, ಬಂದ ವಿಷಯವನ್ನೂ ಹೇಳಿದೆ.

“ನೋಟ್‌ಬುಕ್ಕಲ್ಲಿ ನಿಮ್ಮ ಹೆಸರು ಬರ್ದೋಳು ನಾನೇ, ಮಿಸ್.”

“ಗೊತ್ತು ಕಣಮ್ಮ. ಬುಕ್ಕು ತೋರ್ಸೇ ಕಳ್ಸಿದ್ರು. ಅಷ್ಟು ದುಂಡಗೆ ಬರೀತಿದ್ದೋಳು ನೀನೊಬ್ಳೇ ಅಲ್ವಾ?”

“ಆಮೇಲೆ ಎಲ್ಲಿ ಪಾಠ ಮಾಡಿದ್ರಿ?”

“ಎಲ್ಲೂ ಇಲ್ಲ. ಮರ್ಯಾದೆ ಕಳ್ಕಂಡಿದ್ದು ಸಾಕು, ಮನೇಲಿರು ಅಂದ್ರು ಅಪ್ಪ.” ಮೊರದಲ್ಲಿದ್ದ ಸುಲಿದ ಕಾಳಿನೊಳಗೆ ಕೈಯಾಡಿಸಿದರು. “ಕೂತ್ಕೊ, ಕಾಫಿ ಕುಡ್ಕಂಡು ಹೋಗು.”

ಕುಡಿದೆ. ಏಳುವಾಗ ನನ್ನ ಬಾಯಿಂದ ಬಂದದ್ದು, “ಐ ಆಮ್ ಸಾರಿ, ಮಿಸ್.”

ಅವರು ಒಂದು ಗಳಿಗೆ ನನ್ನನ್ನು ನೋಡಿ, ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು.

ಮನೆಗೆ ಬಂದು ಏಳು ದಿನವಾಯಿತು. ಆ ‘ಸಾರಿ’ಯನ್ನು ಕನ್ನಡದಲ್ಲಿ ಹೇಗೆ ಹೇಳಬೇಕಿತ್ತು ಎಂದು ಕೆಲಸದ ನಡುವೆ ನಿಂತು ಬಾಯೊಳಗೇ ಹೇಳಿ ನೋಡುತ್ತೇನೆ. ಹೇಳಿದ ಯಾವುದೂ ಆ ಜಗಲಿಯವರೆಗೆ ಹೋಗುವಂತೆ ಕಾಣುವುದಿಲ್ಲ.