ಪತ್ತೇದಾರನ ಹರಿದ ಕಿಸೆ

ನಾನು ಶಾಲೆ ಬಿಟ್ಟದ್ದು ೧೯೫೨ರಲ್ಲಿ, ಐದನೆಯ ಇಯತ್ತೆಗೆ. ಶಾಲೆ ಬಿಟ್ಟವನೆಂದರೆ ಕಳ್ಳನೇ ಎಂದು ತಿಳಿಯುವವರೂ ಇದ್ದಾರೆಂದು ಗೊತ್ತಾದದ್ದು ಒಂಬತ್ತು ವರ್ಷಗಳ ಮೇಲೆ, ಹುಬ್ಬಳ್ಳಿಯ ಕೇಶ್ವಾಪುರದ ನನ್ನ ಹೊಲಿಗೆ ಅಂಗಡಿಯಲ್ಲಿ.

ನಾಟಕ ಕಂಪನಿಯೊಂದರ ಪತ್ತೇದಾರ ಪಾತ್ರಧಾರಿ ಅಂದು ಕೋಟಿನ ತೋಳು ಸಡಿಲಿಸಲು ಬಂದಿದ್ದರು. ಹುಬ್ಬಳ್ಳಿಗೆ ಹುಬ್ಬಳ್ಳಿಯೇ ಹೊಗಳುತ್ತಿದ್ದ ಮನುಷ್ಯ. ಅಳತೆ ಕೊಟ್ಟು, ಕೋಟು ಮತ್ತೆ ತೊಟ್ಟು, ಕಿಸೆಗೆ ಕೈ ಹಾಕಿದವರೇ, “ನನ್ನ ಉಂಗುರ!” ಎಂದು ರಂಗದ ಮೇಲಿನ ದನಿಯಲ್ಲೇ ಕೂಗಿದರು. ಬಾಗಿಲಿಗೆ ಅಡ್ಡ ನಿಂತು, ಹುಬ್ಬೇರಿಸಿ, ಅಲ್ಲಿದ್ದ ನಾಲ್ವರು ಗಿರಾಕಿಗಳನ್ನು ಬಿಟ್ಟು ನನ್ನನ್ನೇ ಕೇಳಿದರು.

“ಸಾಲಿ ಎಷ್ಟು ಕಲ್ತೀಯೋ?”

“ಐದನೇ ಇಯತ್ತೆರಿ.”

“ಹಂಗಾರ ಇದು ನಿಂದ ಕೆಲಸ!”

ಗಿರಾಕಿಗಳು ನನ್ನ ಮುಖ ನೋಡಿದರು. ಆ ಮಾತು ಅಂಗಡಿಯ ಹೊರಗೆ ಹೋಗಿದ್ದರೆ ಮುಂದೆ ನನ್ನ ಕೈಗೆ ಯಾರೂ ಬಟ್ಟೆ ಕೊಡುತ್ತಿರಲಿಲ್ಲ. ನಾನು ಅವರು ತೊಟ್ಟಿದ್ದ ಕೋಟಿನ ಕೆಳಅಂಚನ್ನು ಬೆರಳಿನಿಂದ ಸವರಿದೆ. ಕಿಸೆ ಹರಿದಿದ್ದರೆ ಸಾಮಾನು ಅಸ್ತರಿನೊಳಗೆ ಜಾರಿ ಅಲ್ಲಿ ಬಂದು ಕೂಡುತ್ತದೆ; ಇದು ಯಾವ ದರ್ಜಿಗೂ ಗೊತ್ತು. ಉಂಗುರ ಸಿಕ್ಕಿತು.

“ಸಾಹೇಬ್ರ, ನಾಟಕದಾಗ ಕಳ್ಳ ಯಾರಂತ ಮೊದಲ ಬರದ ಕೊಟ್ಟಿರ್ತಾರ. ಇಲ್ಲೆ ನಿಮ್ಮ ಕಿಸೆ ನೀವ ನೋಡಕೋಬೇಕ್ರಿ,” ಎಂದೆ.

ಗಿರಾಕಿಗಳು ನಕ್ಕರು. ಸಾಹೇಬರು ಕ್ಷಮೆ ಕೇಳಲಿಲ್ಲ; “ನಿನ್ನ ಪರೀಕ್ಷಾ ಮಾಡಿದ್ನೋ” ಎಂದು ಹೊರಟೇಬಿಟ್ಟರು. ಮುಂದಿನ ವಾರ ಅವರ ನಾಟಕಕ್ಕೆ ಹೋದೆ. ಪತ್ತೇದಾರರು ಒಬ್ಬನ ಕೋಟಿನ ಅಂಚು ಸವರಿ, ಅಸ್ತರಿನೊಳಗಿಂದ ವಜ್ರ ತೆಗೆದರು! ಚಪ್ಪಾಳೆಯೋ ಚಪ್ಪಾಳೆ.

ಈಗ ನನ್ನ ಹತ್ತಿರ ಮೂರು ಹೊಲಿಗೆ ಯಂತ್ರ, ಎರಡು ಕತ್ತರಿ, ಒಂದು ಇಸ್ತ್ರಿ ಪೆಟ್ಟಿಗೆ ಇವೆ. ಇಯತ್ತೆ ಇನ್ನೂ ಐದೇ.