ಕಪ್ತಾನ ವ್ಯೋಮೇಶನ ಮಿಜಾಜು

ಬಸವಕಲ್ಯಾಣದಲ್ಲಿ ಹಕೀಮ ಅಬ್ದುಲ್ ರಜಾಕ್ ಸಾಬರ ದವಾಖಾನೆ ಎಂದರೆ ಅವರ ಮನೆಯ ಮುಂದಿನ ಕೋಣೆ, ಅಷ್ಟೇ. ಆ ಕೋಣೆಗೂ ಒಳಗಿನ ಅಂಗಳಕ್ಕೂ ನಡುವೆ ಒಂದು ಹಸಿರು ಪರದೆ. ಪರದೆಯ ಆಚೆ ಹಕೀಮರು ಮೂರು ಬೆರಳಿಟ್ಟು ನಾಡಿ ಹಿಡಿದು, ಬಂದವರ ಮಿಜಾಜು, ಅಂದರೆ ದೇಹದ ಪ್ರಕೃತಿ, ಹೇಳುತ್ತಿದ್ದರು. ಯುನಾನಿ ವೈದ್ಯದಲ್ಲಿ ಮಿಜಾಜು ನಾಲ್ಕೇ. ದಮ್ವಿ ಎಂದರೆ ಬೆಚ್ಚಗಿನ ರಕ್ತದ ನಗುಮುಖದವರು. ಸಫ್ರಾವಿ ಎಂದರೆ ಮೂಗಿನ ತುದಿಯಲ್ಲೇ ಸಿಟ್ಟಿರುವವರು. ಮನೆಗೆ ಬೆಂಕಿ ಬಿದ್ದರೂ ತಣ್ಣಗೆ ಕೂತಿರುವವರು ಬಲ್ಗಮಿ, ಒಳಗೊಳಗೇ ಕೊರಗುವವರು ಸೌದಾವಿ. ಪರದೆಯ ಈಚೆ ಅವರ ಹೆಂಡತಿ ಜೈನಬಿ, ಇಪ್ಪತ್ತೇಳು ವರ್ಷ ಸಂಸಾರ ಮಾಡಿಯೂ ತನ್ನ ಗಂಡನದು ಈ ನಾಲ್ಕರಲ್ಲಿ ಯಾವುದೆಂದು ತಿಳಿಯದೆ ಒಲೆ ಊದುತ್ತಿದ್ದಳು.

ಜೈನಬಿ ಹುಮನಾಬಾದಿನ ಹೆಣ್ಣು. ಕೊತ್ತಂಬರಿ ತರಲು ಹೋದರೆ ತರಕಾರಿಯವನ ಸೊಸೆಯ ಬಾಣಂತನದವರೆಗೆ ವಿಚಾರಿಸಿಕೊಂಡು ಬರುವವಳು. ಅಂಥವಳಿಗೆ ಸಿಕ್ಕ ಗಂಡ ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಂಥವರು. ಬೆಳಿಗ್ಗೆ ಚಹಾ ಕೊಟ್ಟಾಗ ಒಂದು ಕೈಯಲ್ಲಿ ಕಪ್ಪು ತೆಗೆದುಕೊಂಡು, ಇನ್ನೊಂದರಲ್ಲಿ ಅವಳ ಮಣಿಕಟ್ಟು ಹಿಡಿದು ಬಿಡುತ್ತಿದ್ದರು. ರೋಗಿಗಳ ಕೈ ಹಿಡಿದು ಹಿಡಿದು ಬೆರಳಿಗೆ ಹತ್ತಿದ ಚಟ ಎಂದುಕೊಂಡು ಜೈನಬಿ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಅವಳು ಲೆಕ್ಕಕ್ಕಿಟ್ಟಿದ್ದು ಬದನೆಕಾಯಿಯ ಸಿಟ್ಟು. ಮದುವೆಯಾದ ಮರುವರ್ಷ ಮೊದಲ ಗಂಡುಕೂಸು ಮೂರು ತಿಂಗಳಿಗೇ ಕಣ್ಣು ಮುಚ್ಚಿತ್ತು. ಒಂದಿಡೀ ಮಳೆಗಾಲ, ಅದರ ಬೆನ್ನಿಗೆ ಬಂದ ಚಳಿಗಾಲವೂ ಜೈನಬಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆಮೇಲೆ ಒಂದು ದಿನ ತಾನಾಗಿ ಎದ್ದು ಒಲೆ ಹಚ್ಚಿ, ತಾಯಿ ಕಲಿಸಿದ ಎಣಗಾಯಿ ಮಾಡಿದಳು. ಶೇಂಗಾ, ಎಳ್ಳು, ಹುಣಸೆಹುಳಿ ತುಂಬಿದ ಪುಟ್ಟ ಪುಟ್ಟ ಬದನೆಕಾಯಿ. ಗಂಡ ಪಾತ್ರೆಯೊಳಗೆ ಬಗ್ಗಿ ನೋಡಿ, "ನನಗ ಬದನಿಕಾಯಿ ಸೇರೂದಿಲ್ಲ. ಈ ಮನ್ಯಾಗ ಇನ್ನು ಮಾಡೂದು ಬ್ಯಾಡ," ಎಂದುಬಿಟ್ಟರು.

ಸೇರದವರು ಎಲ್ಲಿಯೂ ತಿನ್ನದಿದ್ದರೆ ಅವಳೂ ಸುಮ್ಮನಾಗುತ್ತಿದ್ದಳು. ಹುಮನಾಬಾದಿನ ತವರಿಗೆ ಹೋದಾಗ ಇದೇ ಮನುಷ್ಯ ಗಂಡಸರ ಪಂಕ್ತಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಪಾತ್ರೆಯ ತಳ ಕಾಣುವವರೆಗೆ ಎಣಗಾಯಿ ತಿಂದರು. ಹೆಂಗಸರ ಪಂಕ್ತಿಗೆ ಉಳಿದದ್ದು ಬರೀ ಎಣ್ಣೆ. "ಯಾಕ ಜೈನಬಿ, ಅಳಿಯಗ ಉಪವಾಸ ಕೆಡವೀ ಏನು?" ಎಂದು ತಾಯಿ ನಕ್ಕಳು. ಹೋದಾಗಲೆಲ್ಲ ಇದೇ ಕಥೆ. ಹಾಗಾದರೆ ಸೇರದ್ದು ಬದನೆಕಾಯಿಯಲ್ಲ, ತನ್ನ ಕೈ ಎಂದು ಜೈನಬಿ ತೀರ್ಮಾನಿಸಿದಳು. ಆ ನೋವನ್ನು ಯಾರಿಗೂ ಹೇಳಲಿಲ್ಲ. ಉಳಿದ ಎಲ್ಲವನ್ನೂ ಎಲ್ಲರಿಗೂ ಹೇಳುತ್ತಿದ್ದುದರಿಂದ ಇದೊಂದು ಉಳಿದುಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

೧೯೯೭ರಲ್ಲಿ ಅವಳ ಮಗಳು ರುಬೀನಾಗೆ ಹುಮನಾಬಾದಿನಿಂದಲೇ ಸಂಬಂಧ ಬಂತು. ಹುಡುಗ ಆಸಿಫ್, ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿಯ ಅಂಗಡಿ ಇಟ್ಟವನು. ಮನೆಗೆ ಬಂದವನು ಸಲಾಮ್ ಹೇಳಿದ್ದು ಬಿಟ್ಟರೆ ಎದ್ದು ಹೋಗುವವರೆಗೆ ತುಟಿ ಬಿಚ್ಚಲಿಲ್ಲ. ರುಬೀನಾ ತಲೆ ತಗ್ಗಿಸಿ ಒಪ್ಪಿದಳು. ಜೈನಬಿ ಒಪ್ಪಲಿಲ್ಲ.

"ಮೂಕ ಬಾವ್ಯಾಗ ನಾ ಬಿದ್ದದ್ದು ಸಾಕು. ಕಣ್ಣಾರೆ ಕಂಡು ಮಗಳನ್ನ ನೂಕೂದಿಲ್ಲ," ಎಂದಳು. ಸಂಬಂಧ ತಂದ ಅಣ್ಣ ಮಹೆಬೂಬ, ರಂಜಾನಿನ ಚಂದ್ರ ಕಾಣುವುದರೊಳಗೆ ಹೌದೋ ಅಲ್ಲವೋ ತಿಳಿಸು ಎಂದು ಹೋಗಿದ್ದ. ಅಲ್ಲ ಎನ್ನುವುದಕ್ಕೆ ಜೈನಬಿ ಮಗಳ ಮುಖ ನೋಡದೆ ಧೈರ್ಯ ತಂದುಕೊಳ್ಳುತ್ತಿದ್ದಳು.

ಆ ದಿನಗಳಲ್ಲಿ ಪಕ್ಕದ ಮನೆಯ ಜಯಮಾಲಾ ಗುರುವಾರ ಮಧ್ಯಾಹ್ನ ಅಂಗಳಕ್ಕೆ ಬಂದು ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದಳು. ಆಕಾಶನೌಕೆಯ ಕಥೆ. ದೂರದ ಯಾವುದೋ ನಕ್ಷತ್ರಕ್ಕೆ ಹೊರಟ ನೌಕೆ, ಅದರ ಕಪ್ತಾನ ವ್ಯೋಮೇಶ. ಭಾರೀ ಶೂರ. ನಗುವುದಿಲ್ಲ, ಅಳುವುದಿಲ್ಲ. ಭೂಮಿಯಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದಾಗಲೂ ಕಿಟಕಿಯ ಗಾಜು ಒರೆಸುತ್ತ ನಿಂತವನು.

"ಕಲ್ಲಿನಂಥವ ಬಿಡ್ರಿ ಆಪಾ," ಎಂದಳು ಜಯಮಾಲಾ.

"ಕಲ್ಲಲ್ಲ, ಬಲ್ಗಮಿ. ತಣ್ಣನೆ ಮನಿಶ್ಯಾ," ಎಂದಳು ಜೈನಬಿ. ಹಕೀಮನ ಹೆಂಡತಿಯಾಗಿ ಅಷ್ಟಾದರೂ ಗೊತ್ತಿರಬೇಡವೇ?

"ಅಲ್ಲ ಅಮ್ಮಿ, ಅವನ ಒಳಗ ಏನೋ ಅದ," ಎಂದಳು ರುಬೀನಾ. ಅವಳ ದನಿಯಲ್ಲಿದ್ದದ್ದು ಕಪ್ತಾನನ ಪಕ್ಷ ಮಾತ್ರವಲ್ಲ ಎಂದು ಮೂವರಿಗೂ ತಿಳಿಯಿತು.

ಜಗಳ ಹರಿಯಲಿಲ್ಲ. ಜೈನಬಿ ಪರದೆಯ ಕಡೆ ತಿರುಗಿ ಕೂಗಿದಳು: "ಕೇಳಾಕತ್ತೀರೇನ್ರಿ? ಈ ಕಪ್ತಾನನ ಮಿಜಾಜು ಯಾವುದು, ಹೇಳ್ರಿ!"

"ಕಥೀ ಒಳಗಿನ ಮನಿಶ್ಯಾಗ ನಾಡಿ ಎಲ್ಲಿಂದ ತರ್ಲಿ?" ಎಂದಿತು ಪರದೆ. ಹೆಂಗಸರು ಬಿದ್ದು ಬಿದ್ದು ನಕ್ಕರು.

ಆದರೆ ಮುಂದಿನ ಗುರುವಾರ ಓದು ಮುಗಿದಾಗ ಪರದೆಯ ಆಚೆಯಿಂದ ಒಂದು ಪ್ರಶ್ನೆ ಬಂತು. "ಅವ ನಿದ್ದಿ ಹ್ಯಾಂಗ ಮಾಡ್ತಾನ?" ಜಯಮಾಲಾ ಹಿಂದಿನ ಪುಟ ತಿರುವಿ, ಆಳವಾಗಿ ಮಲಗುತ್ತಾನೆ ಎಂದಳು. ಅದರ ಮುಂದಿನ ವಾರ ಇನ್ನೊಂದು ಪ್ರಶ್ನೆ: "ಕನಸಿನ್ಯಾಗ ಏನು ಕಾಣತದ?" ಕೆಂಪು ದಾಳಿಂಬೆಯ ತೋಟ ಕಾಣುತ್ತದಂತೆ. "ಹ್ಞೂಂ," ಎಂದಿತು ಪರದೆ. ನೌಕೆಯಲ್ಲಿ ಕಾಯಿಲೆ ಬಿದ್ದ ಇಳಾ ಎಂಬವಳ ಕೋಣೆ ಬೆಚ್ಚಗಿರಲೆಂದು ವ್ಯೋಮೇಶ ತನ್ನ ಕೋಣೆಯ ಶಾಖ ಆರಿಸಿ ಮಲಗಿದ ವಾರ, "ಬಲ್ಗಮಿ ಆಗಿದ್ರ ಆ ಚಳೀಗಿ ಇಷ್ಟೊತ್ತಿಗೆ ನೆಗಡಿ ಹತ್ತಿ ಸಾಯ್ತಿದ್ದ. ಅವ ಬಲ್ಗಮಿ ಅಲ್ಲ," ಎಂದು ಹಕೀಮರು ತಾವಾಗಿಯೇ ಹೇಳಿದರು. ಜೈನಬಿಗೆ ಅಚ್ಚರಿ. ಇಪ್ಪತ್ತೇಳು ವರ್ಷದಲ್ಲಿ ತನ್ನ ಗಂಡ ಯಾರ ಬಗ್ಗೆಯೂ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಇಲ್ಲದ ಮನುಷ್ಯನ ಮೇಲೆ ತುಸು ಹೊಟ್ಟೆಕಿಚ್ಚೂ ಆಯಿತು.

ರಂಜಾನಿಗೆ ವಾರವಿದೆ ಎನ್ನುವಾಗ ಕೊನೆಯ ಕಂತು ಬಂತು. ನೌಕೆಯಲ್ಲಿ ಒಂದೇ ಒಂದು ಟೊಮ್ಯಾಟೊ ಗಿಡ, ಗಾಜಿನ ಪೆಟ್ಟಿಗೆಯಲ್ಲಿ ಬೆಳೆದದ್ದು. ಹಣ್ಣು ಹಂಚುವಾಗ ವ್ಯೋಮೇಶ ತನ್ನ ಪಾಲನ್ನು ಇಳಾಳ ಕಡೆ ಸರಿಸಿ, "ನನಗೆ ಇದು ಸೇರುವುದಿಲ್ಲ," ಎನ್ನುತ್ತಾನೆ.

"ನೋಡು, ನೋಡು!" ಜೈನಬಿ ತೊಡೆ ತಟ್ಟಿದಳು. "ಇವನೂ ಊಟಕ್ಕ ಹೆಸರಿಡವ! ನಮ್ಮವರ ಹಂಗ!"

ಪರದೆ ಸರಿಯಿತು. ಅಂಗಳದಲ್ಲಿ ಹೆಂಗಸರು ಕೂತಾಗ ಎಂದೂ ಈಚೆ ಬಾರದ ಹಕೀಮರು ಕನ್ನಡಕ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಗಿಡ ಕಾಯಿ ಬಿಟ್ಟ ವಾರ ಅವ ಅದಕ್ಕ ಮೂಗು ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದ. ಮರ್ತಿ ಏನು? ಸೇರಲಾರದವ ಕಣ್ಣು ಮುಚ್ಚೂದಿಲ್ಲ. ನಾಡಿ ಸಿಗಲಿಲ್ಲಂದ್ರ ನಾಲಿಗಿ ನಂಬಬಾರದು, ಏನು ಬಿಟ್ಟಾನ ಅನ್ನೂದು ನೋಡಬೇಕು. ಕೆಂಪು ಕನಸು, ಬೆಚ್ಚಗಿನ ರಕ್ತ. ದಮ್ವಿ ಅವ. ಪಕ್ಕಾ ದಮ್ವಿ."

ಜಯಮಾಲಾ ನಕ್ಕಳು. ಜೈನಬಿ ನಗಲಿಲ್ಲ. ಅವಳ ಕಣ್ಣ ಮುಂದೆ ತವರಿನ ಪಡಸಾಲೆ ಬಂದು ನಿಂತಿತು. ಅಲ್ಲಿ ಕಣ್ಣು ಮುಚ್ಚಿ ಎಣಗಾಯಿ ತಿನ್ನುತ್ತಿದ್ದ ಒಬ್ಬ ಮನುಷ್ಯ. ಕೊರಗಿನ ಕಾಯಿಲೆಯೆಂದು ಬಂದವರಿಗೆಲ್ಲ ಇದೇ ಪರದೆಯ ಆಚೆಯಿಂದ ಅವರು ಹೇಳುತ್ತಿದ್ದ ಮಾತು ನೆನಪಾಯಿತು: ಬದನಿಕಾಯಿ ಬಿಡ್ರಿ, ಅದು ಸೌದಾ ಹೆಚ್ಚು ಮಾಡತದ. ಸಾವಿರ ಸಲ ಕೇಳಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಕೀಮನ ಮಾತು ಹಕೀಮನ ಹೆಂಡತಿಯ ಕಿವಿಗೆ ಹಾಗೆಯೇ.

ಜಯಮಾಲಾ ಮನೆಗೆ ಹೋದ ಮೇಲೆ ಅವಳು ಗಂಡನ ಎದುರು ನಿಂತು ಕೇಳಿದಳು: "ಬದನಿಕಾಯಿ ಸೇರಲಾರದ್ದು ನಿಮಗಲ್ಲ, ನನಗೇನು?"

ಹಕೀಮರು ಕನ್ನಡಕ ಒರೆಸಿದರು. "ಆ ವರ್ಷ ನೀ ಗೋಡೀಗಿ ಮುಖ ಮಾಡಿ ಮಲಗಿದ್ದಿ. ಮತ್ತ ಮಲಗಬಾರದು ಅಂತ."

"ತವರಿನ್ಯಾಗ ಪಾತ್ರಿ ಬಳದು ತಿಂದದ್ದು?"

"ನಿನಗ ಉಳೀಬಾರದಲ್ಲ." ಕನ್ನಡಕ ಬೆಳಕಿಗೆ ಹಿಡಿದು ನೋಡುತ್ತ, "ರುಚೀನೂ ಇತ್ತು," ಎಂದರು.

"ಒಂದು ಮಾತು ಹೇಳಬಾರದಿತ್ತೇನ್ರಿ? ನನ್ನ ಕೈ ನಿಮಗ ಸೇರೂದಿಲ್ಲ ಅಂತ ನಾ ಇಷ್ಟು ವರ್ಷ..."

"ಹೇಳಿದ್ರ ಪ್ರತಿ ಸಲ ನಿನಗ ಕೂಸು ನೆನಪಾಗ್ತಿತ್ತು," ಎಂದರು ಹಕೀಮರು.

ಜೈನಬಿಗೆ ಅಳು ಬಂತು, ಸಿಟ್ಟೂ ಬಂತು. ಯಾವುದು ಮೊದಲು ಎಂದು ತಿಳಿಯದೆ ಅವರ ಕೈಯಿಂದ ಕನ್ನಡಕ ಕಿತ್ತುಕೊಂಡು ತನ್ನ ಸೆರಗಿನಲ್ಲಿ ಒರೆಸಿ ಕೊಟ್ಟಳು.

ಮಾರನೇ ದಿನ ಅಂಗಡಿಯ ಫೋನಿನಿಂದ ಹುಮನಾಬಾದಿಗೆ ಮಾತು ಹೋಯಿತು. "ಹೌದು ಅಂತ ಹೇಳು ಅವರಿಗೆ," ಎಂದಳು ಅಣ್ಣನಿಗೆ. "ಮತ್ತ, ಆಸಿಫ್ ಊಟದಾಗ ಏನೇನು ಬ್ಯಾಡ ಅಂತಾನ, ಅವನ ಅವ್ವಗ ಕೇಳಿ ಇಡು. ರುಬೀನಾಗ ಹೇಳಬೇಕು." ಮಹೆಬೂಬನಿಗೆ ಏನೂ ಅರ್ಥವಾಗಲಿಲ್ಲ. ಪಕ್ಕದಲ್ಲಿ ನಿಂತ ರುಬೀನಾ ತಾಯಿಯ ಭುಜಕ್ಕೆ ಮುಖ ಒತ್ತಿದಳು.

ಬರುವಾಗ ಜೈನಬಿ ಸಂತೆಯಲ್ಲಿ ಎಳೆಯ ಬದನೆಕಾಯಿ ಕೊಂಡಳು. ಎಣಗಾಯಿ ಗಂಡನಿಗೆ, ತನಗೆ ಕುಂಬಳಕಾಯಿ ಪಲ್ಯ. ಮಧ್ಯಾಹ್ನ ಊಟದ ದಸ್ತರಖಾನ ಹಾಸಿ ಬಡಿಸಿದಾಗ ಹಕೀಮರು ತಟ್ಟೆಯನ್ನೂ ಹೆಂಡತಿಯನ್ನೂ ನೋಡಿದರು. ರೊಟ್ಟಿ ಮುಟ್ಟಲಿಲ್ಲ. ಕೈ ಚಾಚಿದರು.

ಜೈನಬಿ ತಾನಾಗಿ ಮಣಿಕಟ್ಟು ಕೊಟ್ಟಳು. ಮೂರು ಬೆರಳು ಅಲ್ಲಿ ಕೂತವು. ಬೆಳಗಿನ ಚಹಾದ ಹೊತ್ತಿನಂತೆ ಬೇಗ ಬಿಡಲಿಲ್ಲ. ಅವರು ಕಣ್ಣು ಮುಚ್ಚಿ ನಾಡಿ ಕೇಳುತ್ತಿದ್ದರು. ಕೊನೆಗೆ ಹಕೀಮರು ಕೈ ಬಿಟ್ಟು, ತಮ್ಮ ತಟ್ಟೆಯಿಂದ ಒಂದು ಬದನೆಕಾಯಿ ಎತ್ತಿ ಅವಳ ತಟ್ಟೆಯಲ್ಲಿಟ್ಟರು.

"ಇವತ್ತ ನೀನೂ ತಿನ್ನು," ಎಂದರು.